ಕುರಿಯಟ್ಟುವ ನಾಯಿಯೂ ನಮ್ಮ ತೋಟವೂ

ತೋಟದ ಕಳೆ ತೆಗೆಸುವ ಕೆಲಸ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದು ಸದಸ್ಯರೆಲ್ಲರಿಗೂ ತಿಳಿದದ್ದೇ. ಆಳು ಸಿಕ್ಕ ದಿನ ಯಂತ್ರ ಕೆಟ್ಟಿರುತ್ತದೆ; ಯಂತ್ರ ಸರಿಯಾದ ದಿನ ಆಳಿರುವುದಿಲ್ಲ. ಹತ್ತೋ ಹದಿನೈದೋ ಕುರಿ ಸಾಕಿದರೆ ಹುಲ್ಲೂ ತೀರಿತು, ಹಿಕ್ಕೆ ಗೊಬ್ಬರವೂ ಬಂತು ಎಂಬ ವಿಚಾರ ನಮ್ಮ ಸಣ್ಣ ಬೆಳೆಗಾರರಲ್ಲಿ ಹುಟ್ಟಿರುವುದು ಈ ಕಾರಣದಿಂದಲೇ. ಕುರಿ ಕಾಯುವವರು ಯಾರು ಎಂದು ಕೇಳಿದರೆ ಕೆಲವರು ಅದಕ್ಕೂ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದಾರೆ: ವಿಲಾಯಿತಿಯ ಬಾರ್ಡರ್ ಕಾಲಿ ನಾಯಿ. ಒಂದೇ ಒಂದು ನಾಯಿ, ಒಡೆಯನ ಸಿಳ್ಳು ಕೇಳಿ, ನೂರಾರು ಕುರಿಗಳನ್ನು ಗುಡ್ಡದಿಂದಿಳಿಸಿ ದೊಡ್ಡಿಗೆ ಕೂಡುವ ಚಿತ್ರವನ್ನು ಮೊಬೈಲಿನಲ್ಲಿ ನೋಡಿದವರಿಗೆ ಆಸೆಯಾಗುವುದು ಸಹಜ. ಆದರೆ ಮರಿಗೆ ಮುಂಗಡ ಕೊಡುವ ಮೊದಲು ಆ ನಾಯಿ ಮಾಡುವ ಕೆಲಸವೇನು, ನಮ್ಮ ತೋಟದಲ್ಲಿ ಕುರಿಗೆ ನಿಜವಾದ ಗಂಡಾಂತರ ಎಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ಮೊದಲನೆಯದಾಗಿ, ಕುರಿಯ ನಾಯಿ ಎಂದರೆ ಒಂದೇ ಬಗೆಯಲ್ಲ. ಒಂದು ಕಾವಲಿನ ನಾಯಿ, ಇನ್ನೊಂದು ಅಟ್ಟುವ ನಾಯಿ. ಬಯಲುಸೀಮೆಯ ಕುರಿಗಾರರ ಮಂದೆಯ ಜೊತೆ ಬರುವುದು ಮೊದಲನೆಯದು. ಮಂದೆ ನಡೆಸುವವನು ಮನುಷ್ಯ. ಒಬ್ಬ ಮುಂದೆ, ಇನ್ನೊಬ್ಬ ಹಿಂದೆ, ಕೂಗು ಹಾಕುತ್ತ ಹೋಗುತ್ತಾರೆ. ನಾಯಿ ಮಂದೆಯ ಮಗ್ಗುಲಲ್ಲಿ ಸುಮ್ಮನೆ ನಡೆಯುತ್ತದೆ, ರಾತ್ರಿ ತೋಳಕ್ಕೂ ಕಳ್ಳನಿಗೂ ಬೊಗಳುತ್ತದೆ. ಕುರಿ ಅದಕ್ಕೆ ಹೆದರುವುದಿಲ್ಲ, ಅದರ ಪಕ್ಕದಲ್ಲೇ ಮಲಗುತ್ತದೆ. ಅಟ್ಟುವ ನಾಯಿಯ ಸಂಗತಿ ಇದಕ್ಕೆ ತೀರ ವಿರುದ್ಧ. ಕುರಿ ಹೆದರಿದರೇ ಅದರ ಕೆಲಸ ನಡೆಯುವುದು.

ಅಮೇರಿಕೆಯ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ತೋಳ ಬೇಟೆಯಾಡುವಾಗ ದಿಟ್ಟಿಸುತ್ತದೆ, ಹೊಂಚಿ ಹತ್ತಿರ ಬರುತ್ತದೆ, ಅಟ್ಟುತ್ತದೆ, ಕಚ್ಚಿ ಹಿಡಿಯುತ್ತದೆ, ಕೊಲ್ಲುತ್ತದೆ. ಅಟ್ಟುವ ನಾಯಿಯಲ್ಲಿ ಈ ಸರಣಿಯ ಮೊದಲ ಮೂರು ಹಂತಗಳನ್ನು ತಳಿ ಆಯ್ಕೆಯಿಂದ ಬಲಪಡಿಸಿ, ಕೊನೆಯ ಎರಡನ್ನು ಕುಗ್ಗಿಸಿದ್ದಾರೆ. ಕಾವಲು ನಾಯಿಯಲ್ಲಿ ಇಡೀ ಸರಣಿಯೇ ಮಂದ. ಅದೂ ಅಲ್ಲದೆ ಕಣ್ಣು ಬಿಟ್ಟ ಎಳೆತನದಿಂದ ಕುರಿಗಳ ನಡುವೆಯೇ ಬೆಳೆಯುವುದರಿಂದ ಅದು ಕುರಿಯನ್ನು ತನ್ನ ಬಳಗವೆಂದೇ ತಿಳಿಯುತ್ತದೆ. ಆದ್ದರಿಂದ ಎರಡು ಕೆಲಸವನ್ನೂ ಒಂದೇ ನಾಯಿಯಿಂದ ನಿರೀಕ್ಷಿಸುವುದು ಸರಿಯಲ್ಲ.

ಕಾಲಿಯ ಊರು ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಾಡು. ಅಲ್ಲಿ ಮರವಿಲ್ಲ, ಬೇಲಿ ಕಡಿಮೆ, ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು. ಬ್ರಿಟನ್ನಿನಲ್ಲಿ ಕುರಿನಾಯಿಗಳ ಮೊದಲ ಪಂದ್ಯ ನಡೆದದ್ದು ವೇಲ್ಸಿನ ಬಾಲಾ ಎಂಬ ಊರಿನಲ್ಲಿ, 1873ರಲ್ಲಿ. ಗೆದ್ದದ್ದು ಟ್ವೀಡ್ ಎಂಬ ನಾಯಿ. ಅದರ ಒಡೆಯ ಅಲ್ಲಿ ನೆಲೆಸಿದ್ದ ಒಬ್ಬ ಸ್ಕಾಟಿಷ್ ಕುರಿಗಾರ. ಮುಂದೆ 1893ರಲ್ಲಿ ನಾರ್ತಂಬರ್ಲೆಂಡಿನ ಆಡಂ ಟೆಲ್ಫರ್ ಎಂಬವರ ಮನೆಯಲ್ಲಿ ಹೆಂಪ್ ಎಂಬ ಗಂಡುಮರಿ ಹುಟ್ಟಿತು. ಅದು ಬೊಗಳದೆ, ಕಚ್ಚದೆ, ಕೇವಲ ನೋಟದಿಂದಲೇ ಕುರಿಯನ್ನು ಸರಿಸುತ್ತಿತ್ತಂತೆ. ಇಂದಿನ ಬಾರ್ಡರ್ ಕಾಲಿಗಳೆಲ್ಲವೂ ಹೆಚ್ಚುಕಡಿಮೆ ಅದರ ಸಂತತಿಯೇ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಸ್ಥಾಪನೆಯಾಗಿ ವಂಶಾವಳಿ ಬರೆದಿಡುವ ಪದ್ಧತಿ ಬೆಳೆಯಿತು. ನಾಯಿಗೂ ಸಂಘವುಂಟು, ಅದಕ್ಕೂ ಒಬ್ಬ ಕಾರ್ಯದರ್ಶಿಯುಂಟು!

ಈಗ ಕೆಲಸದ ವಿಚಾರ. ಪ್ರತಿ ಕುರಿಯ ಸುತ್ತ ಒಂದು ಅದೃಶ್ಯ ವೃತ್ತವಿದೆ ಎಂದಿಟ್ಟುಕೊಳ್ಳಿ. ನಾಯಿ ವೃತ್ತದ ಹೊರಗಿದ್ದರೆ ಕುರಿ ತಲೆಯೆತ್ತಿ ನೋಡುತ್ತದೆ, ಅಷ್ಟೆ. ಅಂಚನ್ನು ತುಳಿದರೆ ಮೆಲ್ಲಗೆ ಸರಿಯುತ್ತದೆ. ಒಳಕ್ಕೇ ನುಗ್ಗಿದರೆ ದಿಕ್ಕುಗೆಟ್ಟು ಓಡುತ್ತದೆ, ಇಲ್ಲವೇ ತಿರುಗಿ ಹಾಯುತ್ತದೆ. ಒಳ್ಳೆಯ ನಾಯಿ ಯಾವಾಗಲೂ ಆ ಅಂಚಿನ ಮೇಲೆಯೇ ಇರುತ್ತದೆ. ಕುರಿಯ ಭುಜದ ಹಿಂದೆ ಬಂದರೆ ಕುರಿ ಮುಂದಕ್ಕೆ ಹೋಗುತ್ತದೆ, ಭುಜದ ಮುಂದೆ ಬಂದರೆ ಹಿಂದಕ್ಕೆ ತಿರುಗುತ್ತದೆ. ಇಡೀ ಮಂದೆಗೂ ಲೆಕ್ಕ ಇದೇ. ಒಡೆಯ ಒಂದು ಕಡೆ, ನಾಯಿ ಅವನಿಗೆ ಸರಿಯಾಗಿ ಎದುರು ಕಡೆ, ಕುರಿಗಳು ನಡುವೆ. ನಾಯಿಯ ಹುಟ್ಟುಗುಣವೇ ಕುರಿಯನ್ನು ಒಡೆಯನ ಕಡೆಗೆ ತರುವುದು. ದೂರಕ್ಕೆ ಅಟ್ಟುವುದನ್ನು ಕಲಿಸಬೇಕಾಗುತ್ತದೆ. ‘ಕಮ್ ಬೈ’ ಎಂದರೆ ಪ್ರದಕ್ಷಿಣೆ, ‘ಅವೇ’ ಎಂದರೆ ಅಪ್ರದಕ್ಷಿಣೆ, ಅವೆರಡಕ್ಕಿಂತ ಮುಖ್ಯವಾದದ್ದು ‘ಲೈ ಡೌನ್’, ಅಂದರೆ ಇದ್ದಲ್ಲೇ ಮಲಗು. 2014ರಲ್ಲಿ ಸ್ವೀಡನ್ ಮತ್ತು ಬ್ರಿಟನ್ನಿನ ಸಂಶೋಧಕರು ನಾಯಿ ಮತ್ತು ಕುರಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿ ಪಡೆದ ಲೆಕ್ಕದಿಂದ ಈ ವಿದ್ಯೆಯನ್ನು ಎರಡು ಸೂತ್ರಕ್ಕೆ ಇಳಿಸಿ ತೋರಿಸಿದರು: ಚದುರಿದ್ದರೆ ಪಕ್ಕದಿಂದ ಒತ್ತಿ ಗುಂಪು ಮಾಡು, ಗುಂಪಾಗಿದ್ದರೆ ಹಿಂದಿನಿಂದ ನಡೆಸು.

ಹೇಳುವುದಕ್ಕೆ ಇಷ್ಟು ಸುಲಭವಾದರೂ, ಮರಿಗೆ ಹತ್ತು ಹನ್ನೆರಡು ತಿಂಗಳಾಗುವವರೆಗೆ ಸಾಮಾನ್ಯವಾಗಿ ಕುರಿಯ ಮೇಲೆ ಬಿಡುವುದಿಲ್ಲ. ನಂಬಿ ಕೆಲಸಕ್ಕೆ ಕಳಿಸುವ ಹೊತ್ತಿಗೆ ಅದಕ್ಕೆ ಎರಡು ವರ್ಷ ದಾಟುತ್ತದೆ. ಅಷ್ಟು ಕಾಲವೂ ಕಲಿಸಬಲ್ಲ ಒಡೆಯ ದಿನಾ ಅದರ ಜೊತೆಗಿರಬೇಕು. ಕೆಲಸವಿಲ್ಲದ ಕಾಲಿ ಕೋಳಿಯನ್ನೋ, ಕರುವನ್ನೋ, ಸೈಕಲ್ಲನ್ನೋ, ಶಾಲೆಗೆ ಹೋಗುವ ಮಕ್ಕಳನ್ನೋ ಸುತ್ತುಗಟ್ಟಲು ತೊಡಗುತ್ತದೆ. ಅದು ನಾಯಿಯ ತಪ್ಪಲ್ಲ, ನೂರು ವರ್ಷದ ಆಯ್ಕೆಯ ಫಲ.

ಇನ್ನು ನಮ್ಮ ತೋಟ. ಅಡಿಕೆಯ ಸಾಲು, ನಡುವೆ ಕಾಫಿ, ಮೆಣಸಿನ ಬಳ್ಳಿ, ಎರಡು ಸಾಲಿಗೊಂದು ಬಸಿಗಾಲುವೆ. ಹತ್ತು ಮಾರು ಆಚೆ ಇರುವ ಕುರಿ ನಾಯಿಗೆ ಕಾಣದು, ನಾಯಿ ನಮಗೆ ಕಾಣದು. ಸಿಳ್ಳು ಹಾಕಿ ನಡೆಸುವುದಾದರೂ ಏನನ್ನು? ಅಂಚನ್ನು ಕಂಡು ನಿಲ್ಲಬೇಕಾದ ನಾಯಿ ಗಿಡದ ಮರೆಯಿಂದ ಏಕಾಏಕಿ ಕುರಿಯ ಮೈಮೇಲೆ ಬೀಳುತ್ತದೆ. ಬೆದರಿದ ಕುರಿ ಕಾಲುವೆಗೆ ಹಾರಿ ಕಾಲು ಮುರಿದುಕೊಳ್ಳುತ್ತದೆ, ಗಬ್ಬದ ಕುರಿ ಕಂದು ಹಾಕುತ್ತದೆ. ಹದಿನೈದು ಕುರಿಗೆ ನಾಯಿಯ ಅಗತ್ಯವೂ ಇಲ್ಲ. ದಿನವೂ ಸಂಜೆ ಒಂದೇ ಹೊತ್ತಿಗೆ, ಒಂದೇ ಕೂಗು ಹಾಕಿ, ಡಬ್ಬದಲ್ಲಿ ಒಂದು ಹಿಡಿ ಹುರುಳಿ ಅಲ್ಲಾಡಿಸಿದರೆ ಅವು ತಾವಾಗಿ ಕೊಟ್ಟಿಗೆಗೆ ಬರುತ್ತವೆ. ಕುರಿ ದಡ್ಡ ಪ್ರಾಣಿಯೆಂಬುದು ನಮ್ಮ ಭ್ರಮೆ. ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದಂತೆ, ಕುರಿಯು ಐವತ್ತು ಬೇರೆ ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಡಬಲ್ಲದು. ಬ್ರಿಟನ್ನಿನ ಬೆಟ್ಟಗಳಲ್ಲಿ ಬೇಲಿಯಿಲ್ಲದಿದ್ದರೂ ಪ್ರತಿ ಮಂದೆ ತನ್ನ ಎಲ್ಲೆಯೊಳಗೇ ಮೇಯುತ್ತದೆ. ತಾಯಿಯ ಹಿಂದೆ ತಿರುಗಿ ಮರಿ ಆ ಎಲ್ಲೆಯನ್ನು ಕಲಿಯುತ್ತದೆ. 2001ರ ಕಾಲುಬಾಯಿ ಜ್ವರದ ಸಮಯದಲ್ಲಿ ಅಲ್ಲಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲಿಸಿದಾಗ, ಬೆಟ್ಟದ ರೈತರ ದೊಡ್ಡ ಚಿಂತೆ ಈ ನೆನಪೂ ಅಳಿದುಹೋದೀತೆಂಬುದೇ ಆಗಿತ್ತು.

ನಾಯಿಯ ಪ್ರಶ್ನೆಗಿಂತ ಗಂಭೀರವಾದ ಸಂಗತಿಯೊಂದಿದೆ. ಸದಸ್ಯರು ದಯವಿಟ್ಟು ಇದನ್ನು ಲಕ್ಷ್ಯಕೊಟ್ಟು ಓದಬೇಕು. ಅದು ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಸಾಕುಪ್ರಾಣಿಗಳಲ್ಲೆಲ್ಲ ತಾಮ್ರದ ವಿಷಕ್ಕೆ ಬೇಗ ತುತ್ತಾಗುವುದು ಕುರಿ. ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಅದಕ್ಕೆ ಕಡಿಮೆ. ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತ ಹೋಗುತ್ತದೆ. ಕುರಿ ದಿನಕ್ಕೆ ಒಂದು ಕಿಲೋ ಒಣಮೇವಿನ ಲೆಕ್ಕದಲ್ಲಿ ತಿಂದರೆ ಅದರಲ್ಲಿ ಹತ್ತು ಮಿಲಿಗ್ರಾಂ ತಾಮ್ರ ಸಾಕು. ನೂರು ಲೀಟರು ಶೇಕಡ 1ರ ದ್ರಾವಣಕ್ಕೆ ನಾವು ಹಾಕುವುದು ಒಂದು ಕಿಲೋ ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ, ಅಂದರೆ ಇಪ್ಪತ್ತೈದು ಸಾವಿರ ಕುರಿಗಳ ಒಂದು ದಿನದ ಪಾಲು! ಗೊನೆಗೆ ತಾಗಿದ್ದು ಬಿಟ್ಟು ಉಳಿದದ್ದೆಲ್ಲ ಇಳಿದು ಬೀಳುವುದು ಕೆಳಗಿನ ಹುಲ್ಲಿನ ಮೇಲೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಅಡಿಕೆಯ ಕೊಳೆಗೆ ಈ ಔಷಧಿಯನ್ನು ಬಳಕೆಗೆ ತಂದರು. ನಮ್ಮ ಹಳೆಯ ತೋಟಗಳ ಮೇಲ್ಮಣ್ಣಿನಲ್ಲಿ ಮೂರು ನಾಲ್ಕು ತಲೆಮಾರಿನ ತಾಮ್ರ ಸೇರಿರುತ್ತದೆ. ಮೋಟು ಹುಲ್ಲು ಮೇಯುವ ಕುರಿ ಮಣ್ಣನ್ನೂ ತಿನ್ನುತ್ತದೆ. ಮಳೆ ತೊಳೆದಿದೆ, ಇನ್ನು ಪರವಾಗಿಲ್ಲ ಎಂದು ನಂಬಕೂಡದು.

ಈ ವಿಷದ ಕೆಟ್ಟ ಗುಣವೆಂದರೆ ತಿಂಗಳುಗಟ್ಟಲೆ ಏನೂ ಕಾಣಿಸದಿರುವುದು. ಕುರಿ ಮೇಯುತ್ತದೆ, ಮೈಕೈ ತುಂಬಿಕೊಂಡಿರುತ್ತದೆ. ಯಾವುದೋ ಒಂದು ದಿನ ಲಾರಿಯಲ್ಲಿ ಸಾಗಿಸಿದಾಗ, ಉಪವಾಸ ಬಿದ್ದಾಗ ಅಥವಾ ನಾಯಿ ಅಟ್ಟಾಡಿಸಿದಾಗ, ಯಕೃತ್ತಿನಲ್ಲಿದ್ದ ತಾಮ್ರ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ರಕ್ತಕಣಗಳು ಒಡೆಯುತ್ತವೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ದಿನದಲ್ಲಿ ಕುರಿ ಸಾಯುತ್ತದೆ. ನೋಡಿದವರು ನಾಯಿ ಬೆದರಿಸಿ ಸತ್ತಿತು ಎನ್ನುತ್ತಾರೆ, ಇಲ್ಲವೇ ಹಾವು ಕಚ್ಚಿತು ಎನ್ನುತ್ತಾರೆ. ಮಾಲಿಬ್ಡೇಟ್ ಲವಣದ ಚಿಕಿತ್ಸೆ ಇದೆ. ಆದರೆ ಅದು ಕೆಂಪು ಮೂತ್ರ ಕಾಣುವ ಮೊದಲು, ಮಂದೆಯ ಉಳಿದ ಕುರಿಗಳಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದು. ಒಂದು ಸತ್ತ ಕೂಡಲೇ ಪಶುವೈದ್ಯರನ್ನು ಕರೆಸಿ, ತೋಟಕ್ಕೆ ಬೋರ್ಡೋ ಹೊಡೆದ ವಿಷಯವನ್ನು ನಾವಾಗಿಯೇ ಹೇಳಬೇಕು. ದನದ ಮತ್ತು ಹಂದಿಯ ಹಿಂಡಿ, ಖನಿಜ ಮಿಶ್ರಣಗಳಲ್ಲೂ ಕುರಿಗೆ ಹೆಚ್ಚಾಗುವಷ್ಟು ತಾಮ್ರ ಇರಬಹುದು. ಕುರಿಗೆಂದೇ ತಯಾರಿಸಿದ್ದನ್ನು ಕೊಳ್ಳಿ. ಔಷಧಿ ಕಲಸಿದ ಡ್ರಮ್ಮು ತೊಳೆದ ನೀರು ಕುರಿ ಕುಡಿಯುವ ಹೊಂಡಕ್ಕೆ ಇಳಿಯದಿರಲಿ.

ಹಾಗಾದರೆ ಕುರಿಯೇ ಬೇಡವೇ? ನನ್ನ ಅಭಿಪ್ರಾಯದಲ್ಲಿ ಔಷಧಿ ಹೊಡೆಯುವ ಅಡಿಕೆ ಮತ್ತು ಕಾಫಿಯೊಳಗೆ ಬೇಡವೇ ಬೇಡ. ಬೇಣವಿದ್ದವರು, ಕೊಯ್ಲಾದ ಗದ್ದೆಯಿದ್ದವರು ಅಲ್ಲಿ ಮೇಯಿಸಬಹುದು. ಹಿಕ್ಕೆಯನ್ನು ತೋಟಕ್ಕೆ ಹೊತ್ತು ಹಾಕಬಹುದು. ಕುರಿಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡ 3, ರಂಜಕ 1, ಪೊಟ್ಯಾಷ್ 2 ಎಂದು ಕೃಷಿ ಪುಸ್ತಕಗಳು ಹೇಳುತ್ತವೆ. ಕೊಟ್ಟಿಗೆ ಗೊಬ್ಬರಕ್ಕಿಂತ ಎಷ್ಟೋ ಮೇಲು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆಯಲ್ಲಿ ಗೊರಸು ಕೊಳೆಯುತ್ತದೆ, ಕೆಸರುಗದ್ದೆಯ ಹುಲ್ಲಿನಿಂದ ಯಕೃತ್ತಿಗೆ ಜಂತು ಸೇರುತ್ತದೆ. ಅಟ್ಟ ಹಾಕಿದ ಒಣ ಕೊಟ್ಟಿಗೆಯಿಲ್ಲದವರು ಮಳೆಗಾಲ ಕಳೆಯುವವರೆಗೆ ಕುರಿ ತರದಿರುವುದೇ ಲೇಸು. ಅದಕ್ಕಿಂತ ಸುಲಭದ ದಾರಿ, ಸುಗ್ಗಿ ಕಳೆದ ಮೇಲೆ ಬರುವ ಕುರಿಗಾರರನ್ನು ಗದ್ದೆಯಲ್ಲಿ ಮಂದೆ ನಿಲ್ಲಿಸಲು ಒಪ್ಪಿಸುವುದು. ನಾಲ್ಕಾರು ಮನೆಯವರು ಸೇರಿ ಮಾತಾಡಿದರೆ ಅವರಿಗೂ ಅನುಕೂಲ. ತೋಟದ ಕಡೆಗೆ ಮಂದೆ ಹೊಡೆಯಬೇಡಿ, ಮದ್ದು ಹೊಡೆದಿದೆ ಎಂದು ಅವರಿಗೆ ಮೊದಲೇ ತಿಳಿಸುವುದು ನಮ್ಮ ಜವಾಬ್ದಾರಿ.

ಮನೆಯಲ್ಲಿ ಈಗಾಗಲೇ ಇರುವ ಊರನಾಯಿ ಕುರಿಗೆ ಕಾವಲಾಗಬಲ್ಲದು. ಮರಿಯಿದ್ದಾಗಲೇ, ಎರಡು ಮೂರು ತಿಂಗಳೊಳಗೆ, ಕುರಿಯ ಜೊತೆ ಒಗ್ಗಿಸಿದರೆ ಒಳ್ಳೆಯದು. ಆದರೆ ಚಿರತೆಯಿರುವ ಕಡೆ ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ. ಅದು ಕಾವಲಾಗುವುದಿಲ್ಲ, ಚಿರತೆಗೆ ಊಟವಾಗುತ್ತದೆ. ನಾಯಿಗೂ ಕುರಿಗೂ ಮೇಲಿಂದ ಮುಚ್ಚಿದ ಕೊಟ್ಟಿಗೆಯೇ ಆಗಬೇಕು. ಕುರಿ ಕಡಿದಾಗ ತಲೆ, ಶ್ವಾಸಕೋಶ, ಈಲಿಗಳನ್ನು ಹಸಿಯಾಗಿ ನಾಯಿಗೆ ಎಸೆಯುವ ಅಭ್ಯಾಸ ನಿಲ್ಲಬೇಕು. ಅವುಗಳಲ್ಲಿರುವ ನೀರುಗುಳ್ಳೆ ನಾಯಿಯ ಕರುಳಲ್ಲಿ ಲಾಡಿಹುಳುವಾಗುತ್ತದೆ, ಅದರ ಮೊಟ್ಟೆ ನಾಯಿಯ ಲದ್ದಿಯಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಮಿದುಳಿಗೆ ಹೋಗಿ ಕುರಿ ಒಂದೇ ಕಡೆಗೆ ಗಿರಕಿ ಹೊಡೆದು ಸಾಯುತ್ತದೆ. ಇನ್ನೊಂದು ಜಾತಿಯ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ಗೆಡ್ಡೆ ಕಟ್ಟುತ್ತದೆ. ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಎಷ್ಟು ವಾರಕ್ಕೊಮ್ಮೆ ಕೊಡಬೇಕೆಂದು ಪಶುವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷಕ್ಕೊಮ್ಮೆ ಹಾಕಿಸಿ.