ಜಾಡು ಹಿಡಿಯುವ ಬುದ್ಧಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಎರೆಯ ಭೂಮಿ ವಿಶಾಲವಾಗಿ ಹರಡಿದೆ. ಮಳೆ ಬಿದ್ದ ಮರುದಿನ ಆ ಕಪ್ಪು ನೆಲದಲ್ಲಿ ನಡೆದವರ ಹೆಜ್ಜೆ ಅಚ್ಚೊತ್ತಿದಂತೆ ಉಳಿಯುತ್ತದೆ. ಕೊಟ್ಟಿಗೆಯ ಎತ್ತು ರಾತ್ರಿ ಕಾಣೆಯಾದರೆ ಅನುಭವಿಯಾದ ರೈತನು ಯಾರನ್ನೂ ದೂರುವುದಕ್ಕೆ ಮೊದಲು ನೆಲವನ್ನು ನೋಡುತ್ತಾನೆ. ಗೊರಸಿನ ಗುರುತು ಯಾವ ಕಡೆಗೆ ಸಾಗಿದೆ? ಅದರ ಜೊತೆಯಲ್ಲಿ ಮನುಷ್ಯನ ಹೆಜ್ಜೆ ಇದೆಯೇ? ಇಲ್ಲವಾದರೆ ಎತ್ತು ತಾನಾಗಿಯೇ ಹಗ್ಗ ಕಿತ್ತುಕೊಂಡು ಹೋಗಿರಬೇಕು. ನೆರೆಯವನ ಮೇಲೆ ಮೂಡಿದ್ದ ಸಂಶಯ ಅಲ್ಲಿಗೇ ಅಳಿಯುತ್ತದೆ. ಇದಕ್ಕೆ ಜಾಡು ಹಿಡಿಯುವುದೆಂದು ಹೆಸರು. ಪತ್ತೇದಾರಿ ಕಥೆಯ ಬೀಜವೂ ಇದೇ ಆಗಿದೆ.

ಇಂತಹ ಕಥೆ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ವಸ್ತು ಕಳುವಾಗಿದೆ, ಕದ್ದವರು ಯಾರು? ಕಥೆಗಾರನು ಸುಳಿವುಗಳನ್ನು ಅಲ್ಲಲ್ಲಿ ಚೆಲ್ಲಿರುತ್ತಾನೆ. ಕೆಲವು ಓದುಗನನ್ನು ದಾರಿ ತಪ್ಪಿಸುತ್ತವೆ. ಸಾಮಾನ್ಯವಾಗಿ ಮೊದಲ ಸಂಶಯ ಬಡವನ ಮೇಲೋ ಪರಸ್ಥಳದವನ ಮೇಲೋ ಬೀಳುತ್ತದೆ. ಪತ್ತೇದಾರನು ಆತುರಪಡದೆ ಸಾಕ್ಷ್ಯಗಳನ್ನು ತೂಗಿ ನೋಡಿ, ನಿರಪರಾಧಿಯನ್ನು ಪಾರುಮಾಡುತ್ತಾನೆ. ಒಳ್ಳೆಯ ಕಥೆಗೆ ಒಂದು ನೇಮವುಂಟು: ಪತ್ತೇದಾರನಿಗೆ ದೊರೆತ ಸುಳಿವು ಓದುಗನಿಗೂ ದೊರೆಯಬೇಕು.

ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಕಥೆಯನ್ನು ಆಧುನಿಕ ಪತ್ತೇದಾರಿ ಸಾಹಿತ್ಯದ ಮೊದಲೆಂದು ಎಣಿಸುತ್ತಾರೆ. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಓದುಗರ ಮುಂದೆ ಬಂದನು. ಮಕ್ಕಳಿಗಾಗಿಯೇ ಬರೆದ ಇಂತಹ ಕೃತಿಗಳಲ್ಲಿ ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಪ್ರಕಟಿಸಿದ ಎಮಿಲ್ ಎಂಬ ಬಾಲಕನ ಕಥೆ ಪ್ರಸಿದ್ಧವಾಗಿದೆ. ತಾಯಿ ದುಡಿದು ಕೂಡಿಸಿದ 140 ಮಾರ್ಕುಗಳನ್ನು ಎಮಿಲ್ ಅಂಗಿಯ ಒಳಜೇಬಿಗೆ ಗುಂಡುಸೂಜಿಯಿಂದ ಚುಚ್ಚಿಕೊಂಡು ರೈಲಿನಲ್ಲಿ ಹೊರಡುತ್ತಾನೆ. ನಿದ್ದೆ ಹತ್ತಿದಾಗ ಹಣ ಮಾಯವಾಗುತ್ತದೆ. ಬರ್ಲಿನ್ನಿನ ಹುಡುಗರು ಅವನಿಗೆ ನೆರವಾಗಿ ಕಳ್ಳನನ್ನು ಬೆನ್ನಟ್ಟುತ್ತಾರೆ. ಬ್ಯಾಂಕಿನಲ್ಲಿ ಕಳ್ಳನು ‘ಹಣ ನನ್ನದು’ ಎಂದು ವಾದಿಸುತ್ತಾನೆ. ಬರಿಯ ಕೂಗಾಟದಿಂದ ಸತ್ಯ ತೀರ್ಮಾನವಾಗುವುದಿಲ್ಲ. ಆದರೆ ನೋಟುಗಳಲ್ಲಿ ಗುಂಡುಸೂಜಿಯ ರಂಧ್ರಗಳಿದ್ದವು! ಸಾಸಿವೆಗಿಂತ ಕಿರಿದಾದ ಆ ಗುರುತು ಎಮಿಲ್‌ನ ಮಾತನ್ನು ಸ್ಥಾಪಿಸಿತು.

ಭಾರತದಲ್ಲಿ ಸತ್ಯಜಿತ್ ರಾಯ್ ಅವರು 1965ರಲ್ಲಿ ‘ಸಂದೇಶ್’ ಎಂಬ ಬಂಗಾಳಿ ಮಕ್ಕಳ ಪತ್ರಿಕೆಯಲ್ಲಿ ಫೆಲೂದಾ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. ಕನ್ನಡದಲ್ಲಿ ಎಂ. ರಾಮಮೂರ್ತಿ, ಎನ್. ನರಸಿಂಹಯ್ಯ ಮೊದಲಾದವರು ಪತ್ತೇದಾರಿ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು ನೂರಾರು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳು ಎಷ್ಟೋ ಜನರಿಗೆ ಕನ್ನಡ ಓದುವ ರುಚಿಯನ್ನು ಹತ್ತಿಸಿದವು.

ಹೀಗೆ ಬೆಳೆದ ಬುದ್ಧಿ ಪುಸ್ತಕದ ಆಚೆಗೂ ಉಪಯೋಗಕ್ಕೆ ಬರುತ್ತದೆ. ಬಸವಣ್ಣನವರ ವಿಷಯದಲ್ಲಿ ಪುರಾಣಗಳ ಹೊರತು ಬೇರೆ ಆಧಾರವೆಲ್ಲಿದೆ ಎಂದು ಒಂದು ಕಾಲದಲ್ಲಿ ಕೆಲವು ವಿದ್ವಾಂಸರು ಶಂಕಿಸಿದ್ದರು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಬಾಗೇವಾಡಿಯನ್ನೂ ಮಾದಿರಾಜನ ಮಗನಾದ ಬಸವರಾಜನನ್ನೂ ಹೆಸರಿಸುತ್ತದೆ. ಕಲ್ಲಿನ ಮೇಲಿನ ಆ ಅಕ್ಷರಗಳು ಇತಿಹಾಸಕಾರರಿಗೆ ಎರೆಯ ನೆಲದ ಹೆಜ್ಜೆಗಳಂತೆಯೇ ಸಾಕ್ಷಿಯಾದವು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಬೆಳೆದ ಎಂ. ಎಂ. ಕಲಬುರ್ಗಿ (1938–2015) ಅವರೂ ಶಾಸನ, ಹಸ್ತಪ್ರತಿಗಳ ಜಾಡು ಹಿಡಿದೇ ಸಂಶೋಧನೆ ನಡೆಸಿದರು.

ತರಗತಿಯಲ್ಲಿ ಒಂದು ಲೇಖನಿ ಕಾಣೆಯಾದಾಗ ಪಕ್ಕದವನತ್ತ ಬೆರಳು ತೋರಿಸುವುದು ಸುಲಭ. ಆ ಲೇಖನಿ ಸಂಜೆ ತನ್ನ ಚೀಲದಲ್ಲಿಯೇ ಸಿಕ್ಕಬಹುದು. ಆದರೆ ಕಳ್ಳನೆನಿಸಿಕೊಂಡವನ ಮನಸ್ಸಿನ ಗಾಯ ಸಂಜೆಗೆ ಮಾಯುವುದಿಲ್ಲ. ಮೊದಲು ನೆಲವನ್ನು ನೋಡು, ಅನಂತರ ಮಾತನಾಡು; ಪತ್ತೇದಾರಿ ಕಥೆ ಎಳೆಯರಿಗೆ ಹೇಳಿಕೊಡುವ ಪಾಠ ಇದು.