ಕಿಯಾಂಟಿಗೆ ನಮ್ಮ ಹುಳಿಯ ನಂಟು

ಓಎಂಆರ್ ಕಡೆಯ ಟೀಮ್ ಡಿನ್ನರ್‌ಗಳಲ್ಲಿ ಯಾರಾದರೊಬ್ಬರು ಕಿಯಾಂಟಿ ತರಿಸುತ್ತಾರೆ, ಜೊತೆಗೆ ಪಾಸ್ತಾ ಬರುತ್ತದೆ. ರೊಟ್ಟಿ-ಪಲ್ಯ, ಅನ್ನ-ಸಾರು ತಿಂದು ಬೆಳೆದವರು ಇದು ನಮ್ಮ ಊಟಕ್ಕೆ ಹೊಂದುವುದಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಹೊಂದುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಿಯಾಂಟಿ ಇಟಲಿಯ ಟಸ್ಕನಿ ಪ್ರಾಂತ್ಯದ ಕೆಂಪು ವೈನ್. ಅದರ ಸೀಮೆ ಎಲ್ಲಿಂದ ಎಲ್ಲಿಗೆ ಎಂದು ಅಲ್ಲಿನ ದೊರೆ ಮೂರನೇ ಕೊಸಿಮೊ 1716ರಲ್ಲೇ ಗುರುತಿಸಿದ್ದ. ಇಂದಿನ ನಿಯಮದಂತೆ ಅದರಲ್ಲಿ ಕನಿಷ್ಠ ಶೇ 70ರಷ್ಟು ಸ್ಯಾಂಜೊವೇಸೆ ದ್ರಾಕ್ಷಿ ಇರಬೇಕು. ಕತ್ತಿನ ಮೇಲೆ ಕಪ್ಪು ಹುಂಜದ ಮುದ್ರೆಯಿರುವ 'ಕಿಯಾಂಟಿ ಕ್ಲಾಸಿಕೊ' ಆದರೆ ಶೇ 80. ಈ ದ್ರಾಕ್ಷಿಯ ಗುಣ ಎರಡೇ ಮಾತಿನಲ್ಲಿ: ಹುಳಿ ಮತ್ತು ಒಗರು.

ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಊಟ ವೈನಿಗಿಂತ ಹುಳಿಯಾದರೆ ವೈನ್ ಸಪ್ಪೆಯೆನಿಸುತ್ತದೆ. ಕಿಯಾಂಟಿಗೆ ಸ್ವಂತ ಹುಳಿ ಇರುವುದರಿಂದ ಟೊಮೆಟೊ ಎದುರು ಅದು ಸೋಲುವುದಿಲ್ಲ. ಒಗರನ್ನು ಕೊಬ್ಬು, ಮಾಂಸ, ಚೀಸ್ ಮೆತ್ತಗಾಗಿಸುತ್ತವೆ. ಹಾಗಾಗಿ ಟೊಮೆಟೊ ಗೊಜ್ಜು, ತುಪ್ಪದಲ್ಲಿ ಹುರಿದ ಪನೀರ್, ಖಾರ ತಗ್ಗಿಸಿ ಶೇಂಗಾ-ಎಳ್ಳು ತುಂಬಿದ ಎಣ್ಣೆಗಾಯಿ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು ಕೊಡಗಿನ ಪಂದಿ ಕರಿ. ಕಾಚಂಪುಳಿಯ ಕಡು ಹುಳಿ, ಹಂದಿಯ ಕೊಬ್ಬು, ಕಾಳುಮೆಣಸು. ಟಸ್ಕನಿಯವರೂ ಕಾಡುಹಂದಿಯ ಮಾಂಸ ಬೇಯಿಸಿ ಇದೇ ವೈನ್ ಜೊತೆ ತಿನ್ನುತ್ತಾರೆ!

ಹೊಂದದವೂ ಇವೆ. ಮೆಣಸಿನಕಾಯಿಯ ಖಾರ ಒಗರನ್ನೂ ಮದ್ಯದ ಉರಿಯನ್ನೂ ಹೆಚ್ಚಿಸುತ್ತದೆ, ಆದ್ದರಿಂದ ಚೆಟ್ಟಿನಾಡ್ ಚಿಕನ್ ಬೇಡ. ಬೆಲ್ಲ ಬಿದ್ದ ಉಡುಪಿ ಸಾಂಬಾರು, ಬಿಸಿಬೇಳೆಬಾತ್ ಕೂಡ ಬೇಡ. ಸಿಹಿಯ ಹಿಂದೆ ವೈನ್ ಬರೀ ಹುಳಿಯಾಗಿ ಉಳಿಯುತ್ತದೆ.

ಇನ್ನೊಂದು ಮಾತು ಚೆನ್ನೈಯವರಿಗೆಂದೇ. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಬೇಕು ಎನ್ನುವವರ ಮನಸ್ಸಿನಲ್ಲಿರುವುದು ಯುರೋಪಿನ ಹಳೆಯ ಕಲ್ಲಿನ ಮನೆ, ಅಂದರೆ ಸುಮಾರು 16ರಿಂದ 18 ಡಿಗ್ರಿ. ಮೇ ತಿಂಗಳ ವೇಳಚೇರಿಯ ಫ್ಲಾಟ್ ಅಲ್ಲ. ಕುಡಿಯುವ ಮುನ್ನ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಸ್ಯಾಂಜೊವೇಸೆಗಾಗಿ ಇಟಲಿಗೇ ಹೋಗಬೇಕಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕ್ರಿಸ್ಮಾದವರು ಅದನ್ನು ಬೆಳೆದು ವೈನ್ ಮಾಡುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾಟೆಲ್ಲಿ ಇದೆ. ಅಲ್ಲಿ ವೈನ್ ತಯಾರಿಕೆಯ ಹೊಣೆ ಹೊತ್ತವರು ಟಸ್ಕನಿಯ ಪಿಯೆರೊ ಮಾಸಿ. ಸೊಲ್ಲಾಪುರ ದಾಟಿದರೆ ನಮ್ಮ ವಿಜಯಪುರ, ಅಲ್ಲಿ ದ್ರಾಕ್ಷಿ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಒಣಹಾಕಿದ ಹೊತ್ತಿಗೆ ಅಕಾಲದ ಮಳೆ ಬಿದ್ದರೆ ಬಣ್ಣ ಕೆಟ್ಟು ದರ ಕುಸಿಯುತ್ತದೆ.

ವೈನ್ ದ್ರಾಕ್ಷಿ ಯಾಕೆ ಹಾಕಬಾರದು ಎಂದು ಊರಿಗೆ ಹೋದಾಗ ಕಾಕಾನನ್ನು ಕೇಳಿದೆ. "ಸೆರೆ ಮಾಡೂ ದ್ರಾಕ್ಷಿ ಏನೋ ತಮ್ಮಾ?" ಎಂದು ಮೊದಲು ನಕ್ಕರು. ಆಮೇಲೆ, "ಕಂಪನಿಯವ್ರು ತಗೊಳ್ಲಿಲ್ಲಂದ್ರ ಬಜಾರದಾಗ ಯಾರು ಕೊಳ್ತಾರ?" ಎಂದರು. ಅವರು ಕೇಳಿದ್ದು ಸರಿಯೇ. ಆ ಹಣ್ಣು ಚಿಕ್ಕದು, ಬೀಜದ್ದು, ದಪ್ಪ ಸಿಪ್ಪೆಯದು. ತಿನ್ನುವವರು ಕೊಳ್ಳುವುದಿಲ್ಲ, ಒಣದ್ರಾಕ್ಷಿಗೂ ಬಾರದು. ಖರೀದಿಯ ಕರಾರು ಕೈಯಲ್ಲಿಲ್ಲದೆ ಯಾವ ರೈತನೂ ಎಕರೆಗೆ ಲಕ್ಷಗಟ್ಟಲೆ ಸುರಿಯಲಾರ. ಕರಾರು ಬರಬೇಕಾದರೆ ವೈನ್ ಕೊಳ್ಳುವವರಿರಬೇಕು, ನಾವೋ ಇನ್ನೂ ಅದನ್ನು ಪಾಸ್ತಾದ ಪಕ್ಕದಲ್ಲೇ ಇಟ್ಟಿದ್ದೇವೆ.

ಚೆನ್ನೈನಲ್ಲಿ ಅಂಗಡಿ ಮಾರಾಟವೆಲ್ಲ 2003ರಿಂದ ಸರ್ಕಾರದ ಟಾಸ್ಮ್ಯಾಕ್ ಕೈಯಲ್ಲಿದೆ, ಬೇಕೆಂದ ಬಾಟಲಿ ಸಿಗುತ್ತದೆಂಬ ಭರವಸೆಯಿಲ್ಲ. ಬೆಂಗಳೂರಿನಿಂದ ತರುವುದಾದರೆ ಹೊಸೂರು ದಾಟುವ ಮೊದಲು ಎರಡೂ ರಾಜ್ಯಗಳ ಅಬಕಾರಿ ನಿಯಮ ನೋಡಿಕೊಳ್ಳಿ. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಕೆಡುವುದಿಲ್ಲ.