ಕಿನ್ನಾಳದ ಚಿತ್ರಗಾರರು ಯಾವ ಸ್ಟಾಲ್‌ನಲ್ಲಿ ಕೂರಬೇಕು?

ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಈ ಸಂತೆಯಲ್ಲಿ ಕಲಾವಿದರೇ ಕೂತು ತಮ್ಮ ಚಿತ್ರ ಮಾರ್ತಾರೆ. ನಡುವೆ ಗ್ಯಾಲರಿ ಇಲ್ಲ, ಅದರ ಕಮಿಷನ್ನೂ ಇಲ್ಲ.

ನಮ್ಮ ಕೊಪ್ಪಳ ತಾಲ್ಲೂಕಿನ ಕಿನ್ನಾಳದವರ ಕಥೆ ಬೇರೆ. 'ಚಿತ್ರಗಾರ' ಅನ್ನೋದು ಅವರ ಮನೆತನದ ಹೆಸರೇ. ಆದರೂ ಅವರ ಕೆಲಸ ಹೆಚ್ಚಾಗಿ ಕಾಣೋದು ಕರಕುಶಲ ಮೇಳಗಳಲ್ಲಿ, 'ಬೊಂಬೆ' ಅಂತ. ಜಿಐ ಟ್ಯಾಗ್ ಸಿಕ್ಕಿದ್ದೂ 'ಕಿನ್ನಾಳ ಆಟಿಕೆ' ಅಂತಲೇ. ಪಕ್ಕದ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ ಬಂಡೆಗಳ ಮೇಲಿನ ಗೆರೆಗಳನ್ನ ನಾವು ಚಿತ್ರ ಅಂತ ಒಪ್ಪಿಕೊಂಡಿದ್ದೀವಿ, ಇದನ್ನ ಯಾಕೆ ಒಪ್ಪಲ್ಲ?

ಕಿನ್ನಾಳದಲ್ಲಿ ಮರ ಕೆತ್ತೋದು ಅರ್ಧ ಕೆಲಸ ಅಷ್ಟೇ. ಕೆತ್ತಿದ ಹಗುರ ಮರದ ಭಾಗಗಳನ್ನ ಜೋಡಿಸಿದ ಮೇಲೆ 'ಕಿಟ್ಟ' ಬಳೀತಾರೆ. ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿದ್ರೆ ಕಿಟ್ಟ. (ಮೆಕ್ಯಾನಿಕಲ್‌ನವರೇ, ಇದು ಪಕ್ಕಾ ಕಾಂಪೋಸಿಟ್!) ಒಡವೆಗಳ ಉಬ್ಬು ಬರೋದು ಕಲ್ಲಿನ ಪುಡಿ ಮತ್ತು ಅಂಟಿನಿಂದ. ಮೇಲೆ ಬಿಳಿ ಲೇಪ, ಅದು ಒಣಗಿದ ಮೇಲೆ ಬಣ್ಣ. ಹಳೇ 'ಲಾಜವರ' ಪದ್ಧತಿಯಲ್ಲಂತೂ ಲೋಹವನ್ನೇ ಕುಟ್ಟಿ, ಅಂಟಿನಲ್ಲಿ ಕಲಸಿ, ಬಳಿದು, ಉಜ್ಜಿ ಉಜ್ಜಿ ಹೊಳಪು ತರ್ತಿದ್ರು.

ಈಗ ಆ ಜಾಗಕ್ಕೆ ಡಬ್ಬಿಯ ರೆಡಿಮೇಡ್ ಬಣ್ಣ ಬಂದಿದೆ. ಅವರನ್ನ ದೂರಲಾರೆ. ಆಟಿಕೆ ಅಂದಕೂಡಲೇ ನಾವು ಕೊಡೋದು ಆಟಿಕೆಯ ಬೆಲೆ, ದಿನಗಟ್ಟಲೆ ಉಜ್ಜಿದ ಕೂಲಿ ಅದರಲ್ಲಿ ಹುಟ್ಟಲ್ಲ. ಮುಂದಿನ ಮೇಳದಲ್ಲಿ ಚೌಕಾಸಿಗೆ ಬಾಯಿ ತೆಗೆಯೋ ಮುಂಚೆ ಒಮ್ಮೆ ಕೇಳಿ ನೋಡಿ: ಈ ಹೊಳಪು ಉಜ್ಜಿದ್ದಾ, ಡಬ್ಬಿದಾ?